ಟೈಮಿಂಗ್ ಚೈನಿನ ತಕರಾರು

ಮೈಸೂರು ಸೀಮೆಯ ಹಳೇ ತಲೆಮಾರಿನ ಮೆಕ್ಯಾನಿಕ್‌ಗಳಿಗೆ 1985ಕ್ಕೆ ಮುಂಚೆ ಟೈಮಿಂಗ್ ಚೈನಿನ ಸೌಂಡಿನ ಪರಿಚಯ ಅಷ್ಟಾಗಿ ಇರಲಿಲ್ಲ. ಅವರ ಅಂಗಳಕ್ಕೆ ಬರುತ್ತಿದ್ದದ್ದು ಜಾವಾ, ಯೆಜ್ಡಿ, ರಾಜದೂತ್, ನಡುನಡುವೆ ಒಂದೊಂದು ಬುಲೆಟ್. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಗಾಡಿ ತಯಾರಿಸುತ್ತಿದ್ದ ಊರದು. ಟೂ ಸ್ಟ್ರೋಕ್ ಇಂಜಿನ್ ಅಂದರೆ ಅಲ್ಲಿನ ಹುಡುಗರಿಗೆ ಅಂಗೈ ನೆಲ್ಲಿಕಾಯಿ. ಟೂ ಸ್ಟ್ರೋಕಿಗೆ ವಾಲ್ವ್ ಇಲ್ಲ, ವಾಲ್ವ್ ಇಲ್ಲದ ಮೇಲೆ ಅದನ್ನು ಒತ್ತುವ ಕ್ಯಾಮ್ ಇಲ್ಲ, ಕ್ಯಾಮ್ ಇಲ್ಲದ ಮೇಲೆ ಅದನ್ನು ತಿರುಗಿಸುವ ಚೈನೂ ಇಲ್ಲ. ಯೆಜ್ಡಿಯ ಎಡಗಡೆ ಕವರ್ ಬಿಚ್ಚಿದರೆ ಒಂದು ಚೈನ್ ಕಾಣುತ್ತದೆ, ನಿಜ. ಆದರೆ ಅದು ಕ್ರ್ಯಾಂಕಿನಿಂದ ಕ್ಲಚ್ಚಿಗೆ ಬಲ ಮುಟ್ಟಿಸುವ ಪ್ರೈಮರಿ ಚೈನ್. ಬುಲೆಟ್ಟಿಗೆ ವಾಲ್ವ್ ಇದ್ದರೂ ಅದರ ಕ್ಯಾಮ್ ಕೆಳಗೇ ಕುಳಿತು ಹಲ್ಲುಗಾಲಿಗಳಿಂದ ತಿರುಗುತ್ತಿತ್ತು, ಅಲ್ಲಿಂದ ಉದ್ದನೆಯ ಎರಡು ಕಡ್ಡಿಗಳು ತಲೆಗೆ ಸುದ್ದಿ ಮುಟ್ಟಿಸುತ್ತಿದ್ದವು.

1985ರ ಏಪ್ರಿಲ್‌ನಲ್ಲಿ ಹರಿಯಾಣದ ಧಾರೂಹೇಡಾದಿಂದ ಹೀರೋ ಹೋಂಡಾ ಸಿಡಿ 100 ಹೊರಬಂತು. ಆ ಒಂದೆರಡು ವರ್ಷಗಳಲ್ಲಿ ಜಪಾನಿನ ನಾಲ್ಕೂ ಕಂಪನಿಗಳ ನೂರು ಸಿ.ಸಿ. ಗಾಡಿಗಳು ನಮ್ಮ ರಸ್ತೆಗಿಳಿದವು: ಇಂಡ್ ಸುಜುಕಿ, ಯಮಹಾ ಆರ್‌ಎಕ್ಸ್ 100, ಕವಾಸಾಕಿ ಬಜಾಜ್, ಮತ್ತು ಇದು. ನಾಲ್ಕರಲ್ಲಿ ಫೋರ್ ಸ್ಟ್ರೋಕ್ ಇದೊಂದೇ. ಸ್ಕೂಲ್ ಮೇಷ್ಟ್ರು, ಬ್ಯಾಂಕಿನ ಗುಮಾಸ್ತರು, ಹಾಲಿನವರು, ಎಲ್‌ಐಸಿ ಏಜೆಂಟರು ಇದನ್ನು ಕೊಂಡರು. ಲೀಟರಿಗೆ ಎಂಬತ್ತು ಕಿಲೋಮೀಟರ್ ಎಂಬ ಮಾತಿಗೆ ಮರುಳಾಗಿ ಕೊಂಡವರೇ ಹೆಚ್ಚು, ಗಾಡಿ ಬಹುಮಟ್ಟಿಗೆ ಆ ಮಾತು ಉಳಿಸಿಕೊಂಡಿತು ಕೂಡ. ಅದರ ಜಾಹೀರಾತು ಸಾಲು ದೇಶದ ಬಾಯಿಗೆಲ್ಲ ಬಂತು: ಫಿಲ್ ಇಟ್, ಶಟ್ ಇಟ್, ಫರ್ಗೆಟ್ ಇಟ್. ಪೆಟ್ರೋಲ್ ತುಂಬಿಸಿ, ಮುಚ್ಚಳ ಹಾಕಿ, ಮರೆತುಬಿಡಿ.

ಜನ ಆ ಮಾತನ್ನು ಅಕ್ಷರಶಃ ಪಾಲಿಸಿದರು. ಟೈಮಿಂಗ್ ಚೈನಿನ ತಕರಾರು ಶುರುವಾದದ್ದು ಅಲ್ಲಿಂದ ಎಂದೇ ನನ್ನ ಬಲವಾದ ನಂಬಿಕೆ. ಜಾವಾ ಓಡಿಸುವವನಿಗೆ ಆಯಿಲ್ ಮರೆಯುವ ಅವಕಾಶವೇ ಇರಲಿಲ್ಲ. ಬಂಕಿಗೆ ಹೋದಾಗಲೆಲ್ಲ ಪೆಟ್ರೋಲಿನ ಜೊತೆಗೇ ಅಳತೆಯ ಆಯಿಲ್ ಟ್ಯಾಂಕಿಗೆ ಬೀಳಬೇಕಿತ್ತು. ಫೋರ್ ಸ್ಟ್ರೋಕಿನಲ್ಲಿ ಆಯಿಲ್ ಇಂಜಿನ್ನಿನ ಹೊಟ್ಟೆಯೊಳಗೆ ಕಣ್ಣಿಗೆ ಬೀಳದಂತೆ ಇರುತ್ತದೆ. ಯಾರೂ ನೆನಪಿಸುವುದಿಲ್ಲ. ಒಂದು ಲೀಟರಿನಷ್ಟೂ ಇಲ್ಲದ ಆ ಆಯಿಲ್ ತಿಂಗಳಿಗಿಷ್ಟು ಉರಿದು, ಸೋರಿ, ಕಪ್ಪಾಗಿ, ನೀರಾದರೂ ಗಾಡಿ ಓಡುತ್ತಲೇ ಇರುತ್ತದೆ. ಮೊದಲು ಬಾಯಿಬಿಡುವುದು ಚೈನು.

ಆ ಚೈನ್ ಮಾಡುವ ಕೆಲಸ ಸಣ್ಣದಲ್ಲ. ಸಿಡಿ 100ರ ಇಂಜಿನ್ 97.2 ಸಿ.ಸಿ., ಬೋರು 50 ಮಿ.ಮೀ., ಸ್ಟ್ರೋಕು 49.5 ಮಿ.ಮೀ. ಸಿಲಿಂಡರ್ ನೆಟ್ಟಗೆ ನಿಂತಿಲ್ಲ, ಮುಂದಕ್ಕೆ ಹೆಚ್ಚುಕಡಿಮೆ ಮಲಗಿದೆ. ಹೋಂಡಾದವರ ಸೂಪರ್ ಕಬ್ ವಂಶದ ಗುರುತು ಇದು. 1958ರ ಮೊದಲ ಸೂಪರ್ ಕಬ್‌ನಲ್ಲಿ ಕ್ಯಾಮ್ ಕೆಳಗಿತ್ತು. ಅರವತ್ತರ ದಶಕದ ಮಧ್ಯದಲ್ಲಿ ಅದನ್ನು ಹೆಡ್ಡಿಗೆ ಏರಿಸಿ, ಕ್ರ್ಯಾಂಕಿನಿಂದ ಹೆಡ್ಡಿನವರೆಗೆ ಸಣ್ಣ ಚೈನ್ ಎಳೆದರು. ಕ್ರ್ಯಾಂಕ್ ಎರಡು ಸುತ್ತು ಬಂದರೆ ಕ್ಯಾಮ್ ಒಂದು ಸುತ್ತು ಬರಬೇಕು, ಒಂದು ಹಲ್ಲೂ ಆಚೀಚೆ ಆಗುವಂತಿಲ್ಲ. ನಿಮಿಷಕ್ಕೆ ನಾಲ್ಕು ಸಾವಿರ ಸುತ್ತಿನಲ್ಲಿ ಒಂದು ಗಂಟೆ ಗಾಡಿ ಓಡಿಸಿದರೆ ಕ್ರ್ಯಾಂಕ್ 2,40,000 ಸಲ ತಿರುಗಿರುತ್ತದೆ. ತಿಪಟೂರಿನಿಂದ ಅರಸೀಕೆರೆಗೆ ಹೋಗಿ ಬರುವಷ್ಟರಲ್ಲಿ ಆ ಚೈನಿನ ಒಂದೊಂದು ಪಿನ್ನೂ ಎಷ್ಟು ಸಲ ಮಡಚಿ ಬಿಚ್ಚಿರುತ್ತದೆ ಎಂದು ಯೋಚಿಸಿ.

ಎಂಬತ್ತಕ್ಕೂ ಹೆಚ್ಚು ಕೊಂಡಿಗಳು ಆ ಚೈನಿನಲ್ಲಿವೆ. ಪ್ರತಿ ಕೊಂಡಿಯ ಪಿನ್ನಿನಲ್ಲಿ ಮಿಲಿಮೀಟರಿನ ನೂರರಲ್ಲಿ ಎರಡು ಪಾಲು ಸವೆದರೂ ಒಟ್ಟು ಉದ್ದ ಒಂದೂವರೆ ಮಿಲಿಮೀಟರಿಗಿಂತ ಹೆಚ್ಚಾಗುತ್ತದೆ. ಚೈನ್ ಎಳೆದುಕೊಂಡು ಉದ್ದವಾಯಿತು ಎಂದು ಎಲ್ಲರೂ ಹೇಳುತ್ತಾರೆ, ಆದರೆ ಉಕ್ಕಿನ ಪಟ್ಟಿ ಎಳೆದುಕೊಳ್ಳುವುದಿಲ್ಲ. ಪಿನ್ನೂ ಬುಷ್ಷೂ ಸವೆದು ನಡುವೆ ಜಾಗ ಬೀಳುತ್ತದೆ. ಸವೆತಕ್ಕೆ ತಡೆ ಆಯಿಲ್ ಒಂದೇ. ಹೊಲಿಗೆ ಮಿಷನ್ನಿನ ಚರ್ಮದ ಬೆಲ್ಟು ಸಡಿಲಾದರೆ ಟೈಲರ್ ಒಂದಿಷ್ಟು ಕತ್ತರಿಸಿ ಮತ್ತೆ ಕೊಕ್ಕೆ ಹಾಕುತ್ತಾನೆ, ಇಲ್ಲಿ ಆ ಉಪಾಯ ನಡೆಯುವುದಿಲ್ಲ. ಹೆಚ್ಚಾದ ಉದ್ದವನ್ನು ಒಳಗೇ ಎಲ್ಲೋ ಒತ್ತಿ ಹಿಡಿದಿರಬೇಕು. ಹಿಡಿದಿರುವವನೇ ಟೆನ್ಷನರ್.

ಸಿಡಿ 100ರಲ್ಲಿ ಈ ಏರ್ಪಾಡು ಬಹಳ ಜಾಣತನದ್ದು. ಚೈನಿನ ಸಡಿಲ ಬೀಳುವ ಭಾಗವನ್ನು ರಬ್ಬರ್ ಗಾಲಿಯಿರುವ ಒಂದು ತೋಳು ಒತ್ತಿಕೊಂಡಿರುತ್ತದೆ. ಅದನ್ನೇ ಮೆಕ್ಯಾನಿಕ್‌ಗಳು ರೋಲರ್ ಅನ್ನುವುದು. ಆ ತೋಳನ್ನು ಇಂಜಿನ್ನಿನ ತಳದಿಂದ ಒಂದು ಪುಶ್ ರಾಡ್ ನೂಕುತ್ತದೆ. ರಾಡಿನ ಬೆನ್ನಿಗೆ ಸ್ಪ್ರಿಂಗ್, ಸುತ್ತ ಆಯಿಲ್. ಸ್ಪ್ರಿಂಗ್ ನೂಕುತ್ತಲೇ ಇರುತ್ತದೆ, ಚೈನ್ ಜಗ್ಗಿದಾಗ ರಾಡ್ ಹಿಂದಕ್ಕೆ ಕುಪ್ಪಳಿಸದಂತೆ ಆಯಿಲ್ ತಡೆಯುತ್ತದೆ. ಹೊರಗಿನಿಂದ ಬಿಗಿ ಮಾಡುವ ತಿರುಪಿಲ್ಲ. ಚೈನ್ ಎಷ್ಟು ಸವೆಯಿತೋ ಅಷ್ಟು ತಾನೇ ಮುಂದೆ ಬಂದು ಸಡಿಲವನ್ನು ನುಂಗುತ್ತದೆ. ಆಯಿಲ್ ಇದ್ದರೆ ಮಾತ್ರ.

ಈ ಚೈನ್ ಕೆಟ್ಟಾಗ ಕೇಳುವ ಸೌಂಡಿಗೆ ಒಂದು ಸ್ವಭಾವವಿದೆ. ಗಾಡಿಯ ಎಡಗಡೆ, ಸಿಲಿಂಡರಿನ ಉದ್ದಕ್ಕೂ, ಕರಕರ ಎಂದು ಉಜ್ಜಿದಂತೆ ಬರುತ್ತದೆ. ಐಡ್ಲಿಂಗ್‌ನಲ್ಲಿ ಜೋರು, ಎಕ್ಸಿಲರೇಟರ್ ಕೊಟ್ಟರೆ ಕಡಿಮೆ, ಬಿಟ್ಟ ಕೂಡಲೇ ಮತ್ತೆ ಗರ್ ಎನ್ನುತ್ತದೆ. ಬಿಟ್ಟಾಗ ಬರುವ ಈ ಗರ್ ಮುಖ್ಯ. ಇಂಜಿನ್ ಎಳೆಯುವಾಗ ಚೈನಿನ ಒಂದು ಬದಿ ಬಿಗಿಯಾಗಿರುತ್ತದೆ, ಎಳೆತ ನಿಂತಾಗ ಸಡಿಲ ಬೇರೆ ಕಡೆಗೆ ಓಡಿ ಚೈನ್ ತನ್ನ ಗೂಡಿನ ಗೋಡೆಗೆ ಬಡಿಯುತ್ತದೆ. ಟ್ಯಾಪೆಟ್ ಸೌಂಡು ಹೀಗಲ್ಲ, ಅದು ಹೆಡ್ಡಿನ ಮೇಲಿಂದ ಟಿಕ್ ಟಿಕ್ ಟಿಕ್ ಎಂದು ಲೆಕ್ಕ ಹಾಕಿದಂತೆ ಬರುತ್ತದೆ. ಪಿಸ್ಟನ್ ಸಡಿಲಾಗಿದ್ದರೆ ಬೆಳಿಗ್ಗೆ ತಣ್ಣಗಿನ ಇಂಜಿನ್ನಿನಲ್ಲಿ ಟಪಟಪ ಎನ್ನುತ್ತದೆ, ಬಿಸಿಯಾದ ಮೇಲೆ ಇಳಿಯುತ್ತದೆ. ಕನೆಕ್ಟಿಂಗ್ ರಾಡ್ ಬೇರಿಂಗ್ ಹೋಗಿದ್ದರೆ ದಿಬ್ಬ ಹತ್ತುವಾಗ ಹೊಟ್ಟೆಯಿಂದ ದಡ್ ದಡ್ ಎನ್ನುತ್ತದೆ. ಅದನ್ನು ಕೇಳಿದ ಮೇಲೆ ಗಾಡಿ ಓಡಿಸಬಾರದು.

ಈ ನಾಲ್ಕನ್ನೂ ಬೇರೆ ಬೇರೆಯಾಗಿ ಕೇಳಬಲ್ಲ ಕಿವಿ ಎಲ್ಲರಿಗೂ ಇರುವುದಿಲ್ಲ. ನಮ್ಮ ಕಡೆಯ ತಾಲ್ಲೂಕು ಕೇಂದ್ರವೊಂದರಲ್ಲಿ, ಬಸ್‌ ಸ್ಟ್ಯಾಂಡಿನ ಹಿಂದೆ ಶೀಟ್ ಹೊದಿಸಿದ ಗ್ಯಾರೇಜಿನಲ್ಲಿ ಕೆಲಸ ಮಾಡುವ ಹಿರಿಯ ಮೆಕ್ಯಾನಿಕ್ ಒಬ್ಬರಿಗೆ ಅದಿದೆ. ನಿವೃತ್ತ ಮೇಷ್ಟ್ರೊಬ್ಬರು ತಮ್ಮ ಕಪ್ಪು ಸಿಡಿ 100 ತಂದಿದ್ದರು. ಬೇರೆ ಯಾರೋ ಇಂಜಿನ್ ಪೂರ್ತಿ ಕೆಲಸಕ್ಕೆ ಬಂದಿದೆ ಎಂದು ಹೆದರಿಸಿದ್ದರಂತೆ. ಈತ ಗಾಡಿಯನ್ನು ಡಬಲ್ ಸ್ಟ್ಯಾಂಡ್ ಹಾಕಿಸಿ ಸ್ಟಾರ್ಟ್ ಮಾಡಿಸಿದರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಹೆಡ್ಡಿನ ಎಡಗಡೆಯ ದುಂಡು ಕವರಿಗೆ ಒತ್ತಿ, ಹಿಡಿಯನ್ನು ಕಿವಿಯ ಮುಂದಿನ ಮೂಳೆಗೆ ಇಟ್ಟರು. ಆಮೇಲೆ ಟ್ಯಾಪೆಟ್ ಮುಚ್ಚಳದ ಮೇಲೆ. ಆಮೇಲೆ ಸಿಲಿಂಡರಿನ ಪಕ್ಕ. ಆಮೇಲೆ ಕೆಳಗೆ, ಮ್ಯಾಗ್ನೆಟ್ ಕವರಿನ ಮೇಲೆ. ಅಲ್ಲಿ ತುಸು ಹೆಚ್ಚು ಹೊತ್ತು ನಿಂತರು.

“ಮೇಷ್ಟ್ರೇ, ಇಂಜಿನ್ ಬಿಚ್ಚೋದು ಬ್ಯಾಡ. ಆಯಿಲ್ ಯಾವಾಗ ಹಾಕ್ಸಿದ್ರಿ?”

“ಹೋದ ದೀಪಾವಳಿಗೆ ಹಾಕಿಸ್ದ ಹಾಗೆ ನೆನಪು ಕಣಪ್ಪ.”

“ಯಾವ ದೀಪಾವಳಿ ಸಾರ್?”

ಮೇಷ್ಟ್ರು ಉತ್ತರ ಕೊಡಲಿಲ್ಲ. ಮೆಕ್ಯಾನಿಕ್ ಆಯಿಲ್ ಕಡ್ಡಿ ತೆಗೆದು ಒರೆಸಿ, ತಿರುಪದೆ ಬರೀ ಇಟ್ಟು ಮತ್ತೆ ತೆಗೆದರು. ಹೋಂಡಾ ಗಾಡಿಗಳಲ್ಲಿ ಅಳತೆ ನೋಡುವುದೇ ಹಾಗೆ, ಕಡ್ಡಿಯನ್ನು ತಿರುಪಿ ಒಳಗೆ ಬಿಟ್ಟರೆ ಇಲ್ಲದ ಆಯಿಲ್ ಇದ್ದಂತೆ ಕಾಣುತ್ತದೆ. ಕಡ್ಡಿಯ ತುದಿ ಮಾತ್ರ ಒದ್ದೆಯಾಗಿತ್ತು, ಟಾರಿನ ಬಣ್ಣ.

ಆಮೇಲಿನ ಕೆಲಸವನ್ನು ಹತ್ತಿರ ಕುಳಿತು ನೋಡಿದೆ. ಮೊದಲು ಇಂಜಿನ್ ಬಿಸಿ ಇರುವಾಗಲೇ ಡ್ರೈನ್ ಬೋಲ್ಟ್ ಬಿಚ್ಚಿ ಆಯಿಲ್ ಇಳಿಸಿದರು. ತಳದಲ್ಲೇ ಇನ್ನೊಂದು ಬೋಲ್ಟ್ ಇದೆ, ಟೆನ್ಷನರಿನದು. ಆತುರದ ಹುಡುಗರು ಇದನ್ನೇ ಡ್ರೈನ್ ಎಂದುಕೊಂಡು ಬಿಚ್ಚಿ, ಸ್ಪ್ರಿಂಗ್ ಉದುರಿದಾಗ ಗಾಬರಿಯಾಗುತ್ತಾರೆ. ಈತ ಒಂದು ಕೈಯಲ್ಲಿ ಪಾನಾ, ಇನ್ನೊಂದು ಕೈ ಕೆಳಗೆ ಹಿಡಿದು ಬಿಚ್ಚಿದರು. ಸ್ಪ್ರಿಂಗ್ ಅಂಗೈಗೆ ಬಂತು, ಹಿಂದೆಯೇ ರಾಡ್. ರಾಡಿನ ತುದಿಯ ರಬ್ಬರನ್ನು ಉಗುರಿನಿಂದ ಒತ್ತಿ ನೋಡಿದರು. ಉಗುರು ಇಳಿಯಲಿಲ್ಲ. ಶಾಖಕ್ಕೆ, ವಯಸ್ಸಿಗೆ ರಬ್ಬರ್ ಗಟ್ಟಿ ಪ್ಲಾಸ್ಟಿಕ್ ಆಗಿತ್ತು, ತೋಳು ಕೂರುವ ಜಾಗದಲ್ಲಿ ಗುಳಿ ಬಿದ್ದಿತ್ತು. ಸ್ಪ್ರಿಂಗನ್ನು ಹೊಸ ಸ್ಪ್ರಿಂಗಿನ ಪಕ್ಕ ನೆಟ್ಟಗೆ ನಿಲ್ಲಿಸಿದರು. ಹಳೆಯದು ಕಣ್ಣಿಗೆ ಕಾಣುವಷ್ಟು ಗಿಡ್ಡ. ರಾಡಿನ ಮೇಲೆ ಆಯಿಲ್ ಸುಟ್ಟು ಅಂಟಿದ ಕಂದು ಪದರವಿತ್ತು, ಅದು ತನ್ನ ತೂತಿನೊಳಗೆ ಸಲೀಸಾಗಿ ಓಡಾಡುತ್ತಿರಲಿಲ್ಲ. ಚೈನನ್ನು ಒತ್ತಿ ಹಿಡಿಯಬೇಕಾದ ರಾಡು ಅರ್ಧ ದಾರಿಯಲ್ಲೇ ಅಂಟಿ ಕುಳಿತಿತ್ತು ಅಂತಾಯಿತು.

ಸೀಮೆಎಣ್ಣೆಯಲ್ಲಿ ತೊಳೆದು, ತೂತನ್ನು ಬಟ್ಟೆಯಿಂದ ಒರೆಸಿ, ರಾಡನ್ನು ಹೊಸ ಆಯಿಲಿನಲ್ಲಿ ಅದ್ದಿ, ಬೆರಳಿನಿಂದ ಮೇಲೆ ಕೆಳಗೆ ಆಡಿಸಿ ನೋಡಿ, ಹೊಸ ರಬ್ಬರ್, ಹೊಸ ಸ್ಪ್ರಿಂಗ್, ಹೊಸ ವಾಷರ್ ಹಾಕಿ ಬೋಲ್ಟ್ ಕೂರಿಸಿದರು. ಅಲ್ಯೂಮಿನಿಯಂ ಮರೆ, ಜೋರು ಕೊಟ್ಟರೆ ಕಿತ್ತುಬರುತ್ತದೆ, ಕೈಬಿಗಿಗಿಂತ ಸ್ವಲ್ಪ ಮಾತ್ರ ಹೆಚ್ಚು. ಬಲಗಡೆ ಕವರ್ ತೆಗೆದು ಆಯಿಲ್ ಜಾಲರಿಯನ್ನು ಎಳೆದು ತೋರಿಸಿದರು. ಕಪ್ಪು ರಬ್ಬರಿನ ಪುಡಿ ನಾಲ್ಕಾರು ಚೂರು ಅಂಟಿತ್ತು. ರೋಲರ್ ಉದುರಲು ಶುರುವಾಗಿದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. “ಈ ಮಳೆಗಾಲ ಕಳೀಲಿ, ಆಮೇಲೆ ಚೈನ್ ಕಿಟ್ ಹಾಕೋಣ. ಅಲ್ಲೀಗಂಟ ಓಡುಸ್ರಿ, ಆಯಿಲ್ ಮಾತ್ರ ನೋಡ್ಕಳಿ” ಅಂದರು. ಟ್ಯಾಪೆಟ್ಟನ್ನೂ ಇಂಜಿನ್ ತಣ್ಣಗಾದ ಮೇಲೆ ಫೀಲರ್ ಗೇಜ್ ಇಟ್ಟು ಸರಿಮಾಡಿದರು. ಅದರ ಸಂದು ಸುಮಾರು 0.05 ಮಿ.ಮೀ. ಸ್ಟಾರ್ಟ್ ಮಾಡಿದಾಗ ಮೊದಲ ಒಂದೆರಡು ನಿಮಿಷ ಕರಕರ ಇತ್ತು, ರಾಡಿನ ಸುತ್ತ ಆಯಿಲ್ ತುಂಬಿದ ಹಾಗೆ ಇಳಿಯಿತು. ಪೂರ್ತಿ ಹೋಗಲಿಲ್ಲ. ಚೈನು ಸವೆದದ್ದು ಸವೆದದ್ದೇ.

ಹೊರಗಿನಿಂದ ಸರಿಮಾಡುವ ಟೆನ್ಷನರ್‌ಗಳೂ ಇವೆ, ಹಳೇ ದೊಡ್ಡ ಗಾಡಿಗಳಲ್ಲಿ. ಅವುಗಳಲ್ಲಿ ಹೆಸರಾಂತದ್ದು ಹೋಂಡಾ ಸಿಬಿ 750, 1969ರಲ್ಲಿ ಮಾರುಕಟ್ಟೆಗೆ ಬಂದ ನಾಲ್ಕು ಸಿಲಿಂಡರಿನ 736 ಸಿ.ಸಿ. ಗಾಡಿ. ಅದರ ಸಿಲಿಂಡರ್ ಬ್ಲಾಕಿನ ಬೆನ್ನಿಗೆ ಒಂದು ಬೋಲ್ಟು, ಅದರ ಮೇಲೊಂದು ಲಾಕ್ ನಟ್ಟು. ಮಾಡುವ ರೀತಿ ಹೀಗೆ: ಪಾಯಿಂಟ್ ಕವರ್ ತೆಗೆದು ಕ್ರ್ಯಾಂಕನ್ನು ಅದು ಓಡುವ ದಿಕ್ಕಿಗೇ ತಿರುಗಿಸಿ ಒಂದು ಮತ್ತು ನಾಲ್ಕನೇ ಸಿಲಿಂಡರಿನ ಟಿ ಗುರುತು ಕೂಡಿಸಬೇಕು. ಮೊದಲನೇ ಸಿಲಿಂಡರ್ ಕಂಪ್ರೆಷನ್ನಿನಲ್ಲಿರಬೇಕು. ಅಲ್ಲಿಂದ ಇನ್ನು ಸುಮಾರು 15 ಡಿಗ್ರಿ ಮುಂದೆ. ಈಗ ಚೈನಿನ ಸಡಿಲವೆಲ್ಲ ಟೆನ್ಷನರ್ ಇರುವ ಹಿಂಬದಿಗೆ ಬಂದು ಸೇರಿರುತ್ತದೆ. ಲಾಕ್ ನಟ್ಟು, ಬೋಲ್ಟು ಸಡಿಲಿಸಿದರೆ ಒಳಗಿನ ಸ್ಪ್ರಿಂಗ್ ತಾನೇ ಆ ಸಡಿಲವನ್ನು ಹಿಡಿಯುತ್ತದೆ. ಮತ್ತೆ ಬಿಗಿಮಾಡಿದರೆ ಮುಗಿಯಿತು.

ಇಷ್ಟು ಸುಲಭದ ಕೆಲಸವನ್ನು ಹಾಳುಮಾಡುವ ಮುಖ್ಯ ದಾರಿ, ಆ ಬೋಲ್ಟಿಗೆ ಚೈನನ್ನು ಬಿಗಿಮಾಡುವ ಶಕ್ತಿಯಿದೆ ಎಂದು ನಂಬುವುದು. ಅದು ಬೀಗ ಮಾತ್ರ. ಸ್ಪ್ರಿಂಗ್ ನಿಲ್ಲಿಸಿದ ಜಾಗದಲ್ಲಿ ಟೆನ್ಷನರನ್ನು ಹಿಡಿದಿಡುತ್ತದೆ. ಸೌಂಡು ಹೋಗಲಿಲ್ಲವೆಂದು ಇನ್ನಷ್ಟು ತಿರುಗಿಸಿದವರ ಕೈಯಲ್ಲಿ ಎಷ್ಟೋ ಬೋಲ್ಟುಗಳು ಮುರಿದಿವೆ. ಕ್ರ್ಯಾಂಕನ್ನು ಹಿಂದಕ್ಕೆ ತಿರುಗಿಸಿ ಗುರುತು ಕೂಡಿಸಿದರೂ ತಪ್ಪೇ, ಸಡಿಲ ಬೇರೆ ಬದಿಗೆ ಹೋಗಿ ಸ್ಪ್ರಿಂಗಿಗೆ ಹಿಡಿಯಲು ಏನೂ ಸಿಗುವುದಿಲ್ಲ. ಒಂದೊಂದು ಮಾಡೆಲ್ಲಿಗೆ ಒಂದೊಂದು ಗುರುತು, ಒಂದೊಂದು ಕೋನ. ಆ ಗಾಡಿಯ ಸರ್ವಿಸ್ ಪುಸ್ತಕ ಕೈಯಲ್ಲಿಲ್ಲದೆ ಪಾನಾ ಹಿಡಿಯಬಾರದು.

ಕೆಲವರು ಸುಲಭದ ಮದ್ದು ಹುಡುಕುತ್ತಾರೆ. ಗಾಡಿಗೆ ಹೇಳಿದ್ದಕ್ಕಿಂತ ದಪ್ಪ ಆಯಿಲ್ ಹಾಕಿಬಿಡುವುದು. ಸೌಂಡು ಮುಚ್ಚಿಕೊಳ್ಳುತ್ತದೆ, ಗಿರಾಕಿ ಖುಷಿಯಾಗಿ ದುಡ್ಡು ಕೊಟ್ಟು ಹೋಗುತ್ತಾನೆ. ಆದರೆ ಬೆಳಗಿನ ಚಳಿಯಲ್ಲಿ ಆ ಆಯಿಲ್ ಹೆಡ್ಡಿಗೆ ಏರಲು ತಡವಾಗುತ್ತದೆ, ಅಷ್ಟು ಹೊತ್ತು ಕ್ಯಾಮೂ ರಾಕರೂ ಒಣಗಿಕೊಂಡೇ ಉಜ್ಜುತ್ತವೆ. ಹಳೇ ಗಾಡಿ ಮಾರುವವರು ಮಾಡುವ ಮೊದಲ ಕೆಲಸವೂ ಇದೇ ಆದ್ದರಿಂದ ಕೊಳ್ಳುವವರು ತಣ್ಣಗಿನ ಇಂಜಿನ್ನನ್ನೇ ಸ್ಟಾರ್ಟ್ ಮಾಡಿಸಿ ಕೇಳುವುದು ಒಳ್ಳೆಯದು. ಬಿಸಿ ಮಾಡಿ ತಂದು ನಿಲ್ಲಿಸಿದ ಗಾಡಿಯ ಮಾತು ನಂಬಬೇಡಿ.

ಚೈನ್ ಬದಲಿಸುವ ಕಾಲವೂ ಬಂದೇ ಬರುತ್ತದೆ. ಪುಶ್ ರಾಡ್, ಆಯಿಲ್ ಎರಡೂ ಸರಿಯಾಗಿದ್ದು ಕರಕರ ನಿಲ್ಲದಿದ್ದರೆ, ಕಿಕ್ ಹೊಡೆದರೆ ಬೇಗ ಹಿಡಿಯದೆ ಕೆಳಗಿನ ಎಳೆತ ಸತ್ತಂತಾಗಿದ್ದರೆ, ಚೈನ್ ಉದ್ದವಾಗಿ ಕ್ಯಾಮ್ ತಡವಾಗಿ ತಿರುಗುತ್ತಿದೆ ಎಂದು ತಿಳಿಯಬೇಕು. ಇನ್ನೂ ತಳ್ಳಿದರೆ ಚೈನ್ ಹಲ್ಲು ಹಾರುತ್ತದೆ. ವಾಲ್ವಿಗೂ ಪಿಸ್ಟನ್ನಿಗೂ ಡಿಕ್ಕಿಯಾದರೆ ನೂರಿನ ಕೆಲಸ ಸಾವಿರಗಳಿಗೆ ಹೋಗುತ್ತದೆ. ಬದಲಿಸುವಾಗ ಚೈನ್ ಒಂದನ್ನೇ ಹಾಕಿ ರೋಲರ್‌ಗಳನ್ನು ಹಳೆಯದೇ ಬಿಡುವುದು ಉಳಿತಾಯವಲ್ಲ. ಸ್ಪ್ರಾಕೆಟ್ಟಿನ ಹಲ್ಲು ಕೊಕ್ಕೆಯಂತೆ ಬಾಗಿದ್ದರೆ ಅದೂ ಬದಲಾಗಬೇಕು. ಮ್ಯಾಗ್ನೆಟ್ಟನ್ನು ಪುಲ್ಲರ್ ಹಾಕಿಯೇ ತೆಗೆಯಬೇಕು, ಸುತ್ತಿಗೆ ಎತ್ತಿಕೊಂಡವರ ಕೈಯಿಂದ ಗಾಡಿ ವಾಪಸ್ ತೆಗೆದುಕೊಳ್ಳಿ. ಮ್ಯಾಗ್ನೆಟ್ಟಿನ ಟಿ ಗುರುತು ಕೇಸಿಂಗಿನ ಗುರುತಿಗೆ, ಕ್ಯಾಮ್ ಸ್ಪ್ರಾಕೆಟ್ಟಿನ ಗುರುತು ಹೆಡ್ಡಿನ ಕಚ್ಚಿಗೆ ಕೂಡಿದ ಮೇಲೆ ಕಿಕ್ ಹೊಡೆಯುವ ಮುಂಚೆ ಕೈಯಿಂದಲೇ ಪೂರಾ ಎರಡು ಸುತ್ತು ತಿರುಗಿಸಿ ಮತ್ತೆ ನೋಡಬೇಕು. ಎಲ್ಲಾದರೂ ತಡೆದರೆ ಅಲ್ಲೇ ನಿಲ್ಲಿಸಬೇಕು.

ಬಿಡಿಭಾಗದ ವಿಷಯದಲ್ಲಿ ಎಚ್ಚರ ಬೇಕು. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಹಿಡಿದು ಊರೂರಿನ ಅಂಗಡಿಗಳವರೆಗೆ ಈ ಕಿಟ್ ಹತ್ತಾರು ಬೆಲೆಗೆ ಸಿಗುತ್ತದೆ. ಚೈನಿನ ಗುಣ ಕಣ್ಣಿಗೆ ಕಾಣುವುದಿಲ್ಲ, ರಬ್ಬರಿನದು ಬೆರಳಿಗೆ ತಿಳಿಯುತ್ತದೆ. ಒಳ್ಳೆಯ ರೋಲರ್ ಒತ್ತಿದರೆ ತುಸು ತಗ್ಗಿ ಮತ್ತೆ ಏಳುತ್ತದೆ, ಅಗ್ಗದ್ದು ಮೊದಲ ದಿನವೇ ಗಟ್ಟಿ. ಬಿಸಿ ಆಯಿಲಿನಲ್ಲಿ ಅದು ಬಹಳ ದಿನ ಬಾಳುವುದಿಲ್ಲ.

ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ದಿನ ಎಂದು ಬೆಂಗಳೂರಿನಲ್ಲಿ, ಮೈಸೂರಿನಲ್ಲಿ ಹಳೇ ಜಾವಾ, ಯೆಜ್ಡಿಗಳು ತೊಳೆದು ಮಿರುಗಿಸಿಕೊಂಡು ಸೇರುತ್ತವೆ. ಅದನ್ನು ನೋಡಿ ನನಗೂ ಸಂತೋಷವೇ. ಆರ್‌ಎಕ್ಸ್ 100ಕ್ಕೆ ಹುಡುಗರು ಕೇಳಿದಷ್ಟು ದುಡ್ಡು ಕೊಡುತ್ತಾರೆ. ಕರ್ನಾಟಕದ ಹಳ್ಳಿ ಹಳ್ಳಿಗೆ ಮೇಷ್ಟ್ರನ್ನೂ ಹಾಲನ್ನೂ ಪೇಪರನ್ನೂ ಮುಟ್ಟಿಸಿದ ಸಿಡಿ 100ಕ್ಕೆ ಮಾತ್ರ ಅಂಥ ಮರ್ಯಾದೆ ಸಿಕ್ಕಿಲ್ಲ. ಸೌಂಡು ಬಂತೆಂದು ಗುಜರಿಗೆ ಹಾಕುತ್ತಾರೆ. ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಯಮದ ಪ್ರಕಾರ ಗಾಡಿ ವಿಂಟೇಜ್ ಅನ್ನಿಸಿಕೊಳ್ಳಲು ಮೊದಲ ನೋಂದಣಿಯಿಂದ 50 ವರ್ಷ ಕಳೆದಿರಬೇಕು, ಮೂಲ ರೂಪ ಕೆಟ್ಟಿರಬಾರದು. ಮೊದಲ ಸಿಡಿ 100 ಆ ವಯಸ್ಸು ಮುಟ್ಟುವುದು 2035ಕ್ಕೆ. ಅಷ್ಟರಲ್ಲಿ ಎಷ್ಟು ಉಳಿದಿರುತ್ತವೆ ಎಂಬುದು ಈಗ ಅವುಗಳ ಹೊಟ್ಟೆಯೊಳಗಿನ ಒಂದು ರಬ್ಬರ್ ಗಾಲಿ, ಒಂದು ಸ್ಪ್ರಿಂಗ್, ಮುಕ್ಕಾಲು ಲೀಟರ್ ಚಿಲ್ಲರೆ ಆಯಿಲಿನ ಕೈಯಲ್ಲಿದೆ.

ಆ ಕಿವಿಯಿರುವ ಮೆಕ್ಯಾನಿಕ್‌ಗಳ ವಯಸ್ಸೂ ಅರವತ್ತು ದಾಟುತ್ತಿದೆ. ಅವರ ಗ್ಯಾರೇಜಿನಲ್ಲಿ ಕಲಿಯಲು ಬರುವ ಹುಡುಗರಿಗೆ ಈ ವಿದ್ಯೆ ಹಳತಾಗಿಲ್ಲ. 2018ರಲ್ಲಿ ಮತ್ತೆ ಬಂದ ಜಾವಾದ ಇಂಜಿನ್ನಿನಲ್ಲೂ ಈಗ ಟೈಮಿಂಗ್ ಚೈನ್ ಇದೆ, 2021ರಲ್ಲಿ ಬಂದ ಬುಲೆಟ್ ವಂಶದ ಹೊಸ ಕ್ಲಾಸಿಕ್ 350ರ ಇಂಜಿನ್ನಿನಲ್ಲೂ ಇದೆ. ಇನ್ನು ಹತ್ತು ಹದಿನೈದು ವರ್ಷಕ್ಕೆ ಅವೂ ಕರಕರ ಅನ್ನುತ್ತವೆ, ಆಗ ಸ್ಕ್ರೂಡ್ರೈವರಿಗೆ ಕಿವಿ ಕೊಟ್ಟು ಇದು ಚೈನು, ಇದು ಟ್ಯಾಪೆಟ್ಟು ಎಂದು ಹೇಳಬಲ್ಲವರು ಬೇಕಾಗುತ್ತಾರೆ.

ನಿಮ್ಮ ಮನೆಯ ಮೂಲೆಯಲ್ಲಿ ಅಪ್ಪನದೋ ಮಾವನದೋ ಸಿಡಿ 100 ನಿಂತಿದ್ದರೆ ಒಂದಿಷ್ಟು ಬಿಡುವು ಮಾಡಿಕೊಳ್ಳಿ. ಸಮತಟ್ಟಾದ ಜಾಗದಲ್ಲಿ ಡಬಲ್ ಸ್ಟ್ಯಾಂಡ್ ಹಾಕಿ, ಆಯಿಲ್ ಕಡ್ಡಿ ತೆಗೆದು ಒರೆಸಿ, ತಿರುಪದೆ ಇಟ್ಟು ನೋಡಿ. ಕೆಳಗಿನ ಗೆರೆಗಿಂತ ಕಡಿಮೆಯಿದ್ದರೆ ಗಾಡಿ ಸ್ಟಾರ್ಟ್ ಮಾಡಬೇಡಿ, ಮೊದಲು ಆಯಿಲ್ ತನ್ನಿ.